ಎರಡು ರೆಸಿಸ್ಟರ್ ಸುಟ್ಟ ಮೇಲೆ ಮೋಟರ್ ಬಿಚ್ಚಿದೆ

ನನ್ನ 2003ರ ಕಾರಿನ ಬ್ಲೋವರ್, ಅಂದರೆ ಒಳಗೆ ಮತ್ತು ಗಾಜಿನ ಮೇಲೆ ಗಾಳಿ ಊದುವ ಫ್ಯಾನ್, ನಾಲ್ಕನೇ ಸ್ಪೀಡಿನಲ್ಲಿ ಮಾತ್ರ ಓಡುತ್ತಿತ್ತು. ದಾವಣಗೆರೆ ಬಿಸಿಲಿಗೆ ಹೀಟರ್ ಯಾಕೆ ಅಂತ ಬಿಟ್ಟಿದ್ದೆ. ಜುಲೈನಲ್ಲಿ ಒಂದು ರಾತ್ರಿ ಚಿತ್ರದುರ್ಗದಿಂದ ಮಳೆಯಲ್ಲಿ ಬರುವಾಗ ಆ ನಾಲ್ಕನೆಯದೂ ನಿಂತಿತು. ಭರಮಸಾಗರ ದಾಟುವಷ್ಟರಲ್ಲಿ ಮುಂದಿನ ಗಾಜು ಒಳಗಡೆಯಿಂದ ಪೂರ್ತಿ ಮಬ್ಬು. ಹೆಂಡತಿ ಸೆರಗಿನಿಂದ ಒರೆಸುತ್ತಲೇ ಇದ್ದಳು. ಮುಂದಿನ ಲಾರಿಯ ಕೆಂಪು ದೀಪ ನೋಡಿಕೊಂಡು ಆನಗೋಡಿನವರೆಗೆ ಜೀವ ಕೈಯಲ್ಲಿ ಹಿಡಿದು ಬಂದೆವು.

ಅದಕ್ಕೂ ಮೊದಲು ಎರಡು ಸಲ ರೆಸಿಸ್ಟರ್, ಅಂದರೆ ಕರೆಂಟ್ ತಗ್ಗಿಸುವ ಬಿಡಿಭಾಗ, ಬದಲಾಯಿಸಿದ್ದೆ. ಕಡಿಮೆ ಸ್ಪೀಡಿಗೆ ಕರೆಂಟ್ ಅದರ ಮೂಲಕ ಹೋಗುತ್ತದೆ, ಫುಲ್ ಸ್ಪೀಡಿಗೆ ನೇರ ಮೋಟರಿಗೆ. ಹಾಗಾಗಿ ನಾಲ್ಕು ಮಾತ್ರ ಓಡಿದರೆ ರೆಸಿಸ್ಟರ್ ಸುಟ್ಟಿದೆ ಅನ್ನುವುದು ಸರಿಯೇ. ಆದರೆ ಅದು ಯಾಕೆ ಮತ್ತೆ ಮತ್ತೆ ಸುಡುತ್ತಿದೆ ಅಂತ ನಾನು ಕೇಳಿಕೊಂಡಿರಲಿಲ್ಲ.

ಭಾನುವಾರ ಕೂತೆ. ಫ್ಯೂಸ್ ಸರಿ ಇತ್ತು. ಮೋಟರಿನ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಹಿಡಿದರೆ 12 ವೋಲ್ಟ್! ಮೋಟರೇ ಸತ್ತಿದೆ ಅಂದುಕೊಂಡು ಹೊಸದು ತರಲು ಹೊರಟವನು, ಯಾಕೋ ಹಳೇ 55 ವ್ಯಾಟಿನ ಹೆಡ್‌ಲೈಟ್ ಬಲ್ಬನ್ನು ಅಲ್ಲಿಗೇ ಹಚ್ಚಿ ನೋಡಿದೆ. ಮಿಣುಕು ದೀಪದ ಹಾಗೆ ಉರಿಯಿತು. ಮೀಟರ್ ಕರೆಂಟ್ ಎಳೆಯುವುದು ಇಲ್ಲವೆನ್ನುವಷ್ಟು ಕಡಿಮೆ, ಬಲ್ಬ್ ಜೋರಾಗಿ ಎಳೆಯುತ್ತದೆ. ಅಂದರೆ ಕರೆಂಟ್ ಸೋರುತ್ತಿಲ್ಲ, ದಾರಿಯಲ್ಲೆಲ್ಲೋ ಅದಕ್ಕೆ ತಡೆ ಇದೆ. ಸ್ವಿಚ್ಚಿನ ಹಿಂದೆ ನೋಡಿದರೆ ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಬೆಲ್ಲದ ಪಾಕದ ಹಾಗೆ ಕರಗಿ ಗಟ್ಟಿಯಾಗಿತ್ತು.

ನಾಲ್ಕನೆಯದು ನಿಂತದ್ದು ಅದರಿಂದ. ರೆಸಿಸ್ಟರ್ ಯಾಕೆ ಸುಡುತ್ತಿದೆ ಅಂತ ನೋಡಲು ಬ್ಯಾಟರಿ ಕಳಚಿ ಡ್ಯಾಶ್‌ಬೋರ್ಡ್ ಕೆಳಗಿಂದ ಮೋಟರ್ ಇಳಿಸಿದೆ. ಫ್ಯಾನ್ ಬೆರಳಿಂದ ತಿರುಗಿಸಿದರೆ ಸಲೀಸಾಗಿ ಕೆಲವು ಸುತ್ತು ಸುತ್ತಬೇಕು. ಅರ್ಧ ಸುತ್ತಿಗೇ ನಿಂತಿತು, ಮೋಟರಿನ ದಂಡ ಕೂತು ತಿರುಗುವ ಬಳೆ, ಅಂದರೆ ಬುಷ್, ಒಣಗಿತ್ತು. ಗಾಳಿ ಹೋಗುವ ಪೆಟ್ಟಿಗೆಯಲ್ಲಿ ಹಿಡಿ ತುಂಬ ಮೆಕ್ಕೆಜೋಳದ ಹೊಟ್ಟು, ಜೊತೆಗೆ ಇಲಿ ತಂದಿಟ್ಟ ಹತ್ತಿ. ರೆಸಿಸ್ಟರ್ ತಣ್ಣಗಾಗುವುದೇ ಆ ಗಾಳಿಯಿಂದ. ಬಿಗಿಯಾದ ಮೋಟರ್ ಹೆಚ್ಚು ಕರೆಂಟ್ ಎಳೆಯಿತು, ತಣಿಸಬೇಕಾದ ಗಾಳಿಗೆ ಹೊಟ್ಟು ಅಡ್ಡವಾಯಿತು. ರೆಸಿಸ್ಟರ್ ಇನ್ನೇನು ಮಾಡೀತು?

ಬುಷ್ಷಿಗೆ ಎರಡೇ ಹನಿ ಮೆಷಿನ್ ಆಯಿಲ್. ಹೆಚ್ಚಾದರೆ, ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್ಷಿಗೆ ಹರಿದು ಕೆಡಿಸುತ್ತದೆ. ಸುಟ್ಟ ಪಿನ್ ಕತ್ತರಿಸಿ ಹೊಸದು ಕ್ರಿಂಪ್ ಮಾಡಿದೆ, ಹೊಸ ರೆಸಿಸ್ಟರ್ ಹಾಕಿದೆ. ಫ್ಯೂಸ್ ಮಾತ್ರ ಮೊದಲಿದ್ದಷ್ಟೇ ಆಂಪಿಯರಿನದು. ದಪ್ಪ ಫ್ಯೂಸ್ ಹಾಕಿದರೆ ಸುಡುವುದು ವೈರಿಂಗ್.

ಈಗ ನಾಲ್ಕೂ ಸ್ಪೀಡ್ ಓಡುತ್ತಿವೆ. ರಸ್ತೆ ಮೇಲೆ ಮೆಕ್ಕೆಜೋಳ ಒಣಗಿಸುವ ದಿನಗಳಲ್ಲಿ ಗಾಳಿ ಒಳಗೆ ಹೋಗುವ, ವೈಪರ್ ಕೆಳಗಿನ ಜಾಲರಿ ತೆಗೆದು ಪ್ರತಿ ಭಾನುವಾರ ಕೊಡವುತ್ತೇನೆ.