ಹುಬ್ಬಳ್ಳಿಯಿಂದ ದೆಹಲಿಗೆ: ದೂರವನ್ನೂ ವೇಳೆಯನ್ನೂ ನಾನು ಲೆಕ್ಕ ಹಾಕುವ ಬಗೆ

ಧಾರವಾಡದಲ್ಲಿರುವ ನಾನು ಬಂಧುಗಳ ಪ್ರಯಾಣಗಳನ್ನು ಗೊತ್ತುಮಾಡಿಕೊಡುವಾಗ, ಎರಡು ಊರುಗಳ ನಡುವಿನ ವಿಮಾನದ ದೂರವನ್ನು ಅಕ್ಷಾಂಶ, ರೇಖಾಂಶಗಳಿಂದ ನಾನೇ ಲೆಕ್ಕ ಹಾಕುತ್ತೇನೆ. ಗೋಕುಲ ರಸ್ತೆಯಲ್ಲಿರುವ ಹುಬ್ಬಳ್ಳಿ ವಿಮಾನ ನಿಲ್ದಾಣ ಸುಮಾರು 15.36 ಡಿಗ್ರಿ ಉತ್ತರ, 75.08 ಡಿಗ್ರಿ ಪೂರ್ವದಲ್ಲಿದೆ. ದೆಹಲಿಯ ಇಂದಿರಾ ಗಾಂಧಿ ನಿಲ್ದಾಣ 28.56 ಡಿಗ್ರಿ ಉತ್ತರ, 77.10 ಡಿಗ್ರಿ ಪೂರ್ವದಲ್ಲಿದೆ. ಅಕ್ಷಾಂಶದ ಒಂದು ಡಿಗ್ರಿ ಎಂದರೆ ಸುಮಾರು 111 ಕಿ.ಮೀ. ಆದ್ದರಿಂದ ಉತ್ತರ ದಿಕ್ಕಿನ ಅಂತರ 1,465 ಕಿ.ಮೀ. ಆಗುತ್ತದೆ. ರೇಖಾಂಶಗಳು ಧ್ರುವದ ಕಡೆಗೆ ಹೋದಂತೆ ಒಂದಕ್ಕೊಂದು ಹತ್ತಿರವಾಗುವುದರಿಂದ, ಅವುಗಳ ವ್ಯತ್ಯಾಸವನ್ನು ಎರಡೂ ಊರುಗಳ ಸರಾಸರಿ ಅಕ್ಷಾಂಶವಾದ 22 ಡಿಗ್ರಿಯ ಕೊಸೈನ್ 0.927ರಿಂದಲೂ ಗುಣಿಸಬೇಕು, ಆಗ ಪೂರ್ವ ದಿಕ್ಕಿಗೆ 208 ಕಿ.ಮೀ. ಸಿಗುತ್ತದೆ. ಇವೆರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 1,480 ಕಿ.ಮೀ. ಖಂಡಗಳನ್ನು ದಾಟುವ ದೂರಗಳಿಗೆ ಈ ರೀತಿ ಸಾಲದು, ಗೋಳದ ಸೂತ್ರವೇ ಬೇಕು. ಭಾರತದೊಳಗಿನ ಊರುಗಳಿಗೆ ಮಾತ್ರ ಇದು ಧಾರಾಳವಾಗಿ ಸಾಕು.

ವೇಳೆಯ ಲೆಕ್ಕ ಇಷ್ಟು ನೇರವಲ್ಲ. ಏರ್‌ಬಸ್ ಎ320ನಂಥ ಜೆಟ್ ಎತ್ತರದಲ್ಲಿ ಗಂಟೆಗೆ ಸುಮಾರು 830 ಕಿ.ಮೀ. ವೇಗದಲ್ಲಿ ಸಾಗುವುದರಿಂದ ಭಾಗಾಕಾರ ಒಂದು ಮುಕ್ಕಾಲು ಗಂಟೆ ಎನ್ನುತ್ತದೆ, ಆದರೆ ವೇಳಾಪಟ್ಟಿಯಲ್ಲಿ ಕಾಣುವುದು ಎರಡೂವರೆ ಗಂಟೆಯ ಆಸುಪಾಸು. ವೇಳಾಪಟ್ಟಿಯ ಗಡಿಯಾರ ವಿಮಾನ ನಿಂತ ಜಾಗ ಬಿಟ್ಟ ಕೂಡಲೇ ಓಡತೊಡಗಿ, ಇಳಿದ ಮೇಲೆ ಮತ್ತೆ ನಿಂತಾಗಲೇ ನಿಲ್ಲುತ್ತದೆ. ನೆಲದ ಮೇಲಿನ ಓಡಾಟ, ಏರುವಾಗಿನ ಮತ್ತು ಇಳಿಯುವಾಗಿನ ಕಡಿಮೆ ವೇಗ, ವಾಯುಮಾರ್ಗದ ತಿರುವುಗಳು, ದೆಹಲಿಯ ಆಕಾಶದಲ್ಲಿ ಸರದಿಗಾಗಿ ಕಾಯುವುದು ಎಲ್ಲವೂ ಅದರೊಳಗೇ ಸೇರಿವೆ. (ಚಳಿಗಾಲದಲ್ಲಿ ಎತ್ತರದ ಪಶ್ಚಿಮ ಮಾರುತ ದೆಹಲಿಯಿಂದ ಕೋಲ್ಕತ್ತಕ್ಕೆ ಹೋಗುವ ವಿಮಾನವನ್ನು ಮುಂದಕ್ಕೆ ತಳ್ಳುತ್ತದೆ, ನಮ್ಮದು ದಕ್ಷಿಣೋತ್ತರ ಮಾರ್ಗವಾದ್ದರಿಂದ ಆ ಗಾಳಿ ಹೆಚ್ಚಾಗಿ ಪಕ್ಕದಿಂದಲೇ ಬೀಸುತ್ತದೆ.)

ನನ್ನ ದೃಷ್ಟಿಯಲ್ಲಿ ನಿಜವಾಗಿ ಲೆಕ್ಕಕ್ಕೆ ಬರುವುದು ಮನೆಯ ಬಾಗಿಲಿನಿಂದ ಬಾಗಿಲಿನವರೆಗಿನ ವೇಳೆ. ದೆಹಲಿಗೆ ರೈಲಿನಲ್ಲಿ ಒಂದು ದಿನಕ್ಕಿಂತ ಹೆಚ್ಚು ಹಿಡಿಯುವುದರಿಂದ ಅಲ್ಲಿ ಯೋಚಿಸಬೇಕಾದ್ದೇನೂ ಇಲ್ಲ. ಬೆಂಗಳೂರಿನ ಪ್ರಶ್ನೆ ಬೇರೆ. ಅದು ಆಕಾಶದಲ್ಲಿ ಸುಮಾರು 370 ಕಿ.ಮೀ.; ಹಾರಾಟ ಒಂದು ಗಂಟೆಗಿಂತ ತುಸು ಹೆಚ್ಚು. ಆದರೆ ಧಾರವಾಡದಿಂದ ಗೋಕುಲ ರಸ್ತೆಗೆ ಮುಕ್ಕಾಲು ಗಂಟೆ, ನಿಲ್ದಾಣದಲ್ಲಿ ಒಂದೂವರೆ ಗಂಟೆ, ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ಮತ್ತೊಂದು ಗಂಟೆ ಅಥವಾ ಇನ್ನೂ ಹೆಚ್ಚು ಸೇರಿ ಒಟ್ಟು ಐದು ಗಂಟೆಯ ಹತ್ತಿರ ಬರುತ್ತದೆ. 2023ರಲ್ಲಿ ಆರಂಭವಾದ ಧಾರವಾಡ–ಬೆಂಗಳೂರು ವಂದೇ ಭಾರತ್ ರೈಲು ಆರೂವರೆ ಗಂಟೆಯ ಆಸುಪಾಸಿನಲ್ಲಿ ನೇರವಾಗಿ ನಗರದ ನಡುವೆ ಇಳಿಸುತ್ತದೆ. ಕೈಯಲ್ಲಿ ಸಾಮಾನು, ಜೊತೆಯಲ್ಲಿ ವಯಸ್ಸಾದವರು ಇದ್ದರೆ ನಾನು ರೈಲನ್ನೇ ಆರಿಸುತ್ತೇನೆ. ದೇವನಹಳ್ಳಿಯ ಕಡೆಗೇ ಕೆಲಸವಿದ್ದರೆ ವಿಮಾನವೇ ಸರಿ. ಹಾವೇರಿಯ ಬಂಧುಗಳಿಗಂತೂ ಬೆಂಗಳೂರಿಗೆ ವಿಮಾನವನ್ನು ಸೂಚಿಸುವುದಿಲ್ಲ: ಬೆಂಗಳೂರಿನ ರೈಲುಮಾರ್ಗವೂ ಹೆದ್ದಾರಿಯೂ ಅವರ ಊರನ್ನೇ ಹಾದುಹೋಗುತ್ತಿರುವಾಗ, ವಿಮಾನ ಹತ್ತುವುದಕ್ಕಾಗಿ ಅವರು ಮೊದಲು ಸುಮಾರು 75 ಕಿ.ಮೀ. ಉತ್ತರಕ್ಕೆ ಬರಬೇಕಾಗುತ್ತದೆ.