ಏರು ಬಂದಾಗ ನಡೀರಿ: ಸ್ಕೀ ಮಕ್ಕಳ ಜೊತೆ ನನ್ನ ಏಳು ಚಳಿಗಾಲ

ಜುಲೈ ತಿಂಗಳ ಬೆಳಿಗ್ಗೆ. ಕೈಯಲ್ಲಿ ಪೋಲ್, ಅಂದರೆ ಸ್ಕೀ ಮಾಡುವಾಗ ಊರುವ ಕೋಲು, ಹಿಡಿದು ಹದಿನೈದು ಮಕ್ಕಳು ಕಾಡಿನ ದಾರಿಯಲ್ಲಿ ಓಡುತ್ತಿದ್ದಾರೆ. ಏರು ಶುರುವಾದ ಕೂಡಲೇ ನಾನು ಹಿಂದಿನಿಂದ ಕೂಗುತ್ತೇನೆ: "ವಾಕ್!" ಹೊಸಬರು ಯಾರೂ ಕೇಳುವುದಿಲ್ಲ. ಹದಿನಾಲ್ಕು ವರ್ಷದ ಹುಡುಗನಿಗೆ ಗೆಳೆಯರ ಎದುರು ಏರಿನಲ್ಲಿ ನಡೆಯುವುದು ಅಂದರೆ ಅವಮಾನ. ಅವನು ಓಡಿಯೇ ಓಡುತ್ತಾನೆ. ಮೇಲೆ ಹೋಗಿ ಮಂಡಿ ಹಿಡಿದು ಬಗ್ಗಿ ನಿಂತಿರುತ್ತಾನೆ.

ನಾನು ಸಕಲೇಶಪುರದ ಕಡೆಯವಳು. ಮದುವೆಯಾಗಿ ಅಮೆರಿಕದ ಮಿನ್ನೆಸೋಟಕ್ಕೆ ಬಂದೆ. ಹಿಮ ಮುಟ್ಟಿ ನೋಡಿದ್ದೇ ಇಪ್ಪತ್ತೇಳನೇ ವಯಸ್ಸಿನಲ್ಲಿ. 2018ರಲ್ಲಿ ಏಳನೇ ಕ್ಲಾಸಿನ ಮಗಳು ಶಾಲೆಯ ಕ್ರಾಸ್ ಕಂಟ್ರಿ ಸ್ಕೀ ತಂಡಕ್ಕೆ ಸೇರಿದಳು. ಇಲ್ಲಿ ಏಳನೇ ಕ್ಲಾಸಿನಿಂದ ಹನ್ನೆರಡರವರೆಗಿನ ಮಕ್ಕಳು ಒಂದೇ ತಂಡದಲ್ಲಿ ಇರಬಹುದು. ಅವಳನ್ನು ಬಿಟ್ಟು ಬರೋಕೆ ಹೋದವಳು ನಾನು. ಕೈಕಟ್ಟಿ ನಿಂತು ನೋಡುವ ಬದಲು ಕಲಿಯೋಣ ಅನ್ನಿಸಿತು. ಎರಡು ವರ್ಷ ಕಲಿತೆ, ಕೋಚಿಂಗ್ ತರಗತಿಗಳಿಗೆ ಹೋದೆ, ಆಮೇಲೆ ಸಹಾಯಕ ಕೋಚ್ ಆದೆ. ಸಂಬಳ ಇಲ್ಲ. ಆದರೆ ಇಷ್ಟು ಪ್ರೀತಿಯಿಂದ ನಾನು ಬೇರೆ ಯಾವ ಕೆಲಸವನ್ನೂ ಮಾಡಿಲ್ಲ.

ಸ್ಕೀ ಅಂದರೆ ಬೂಟಿಗೆ ಸಿಕ್ಕಿಸಿಕೊಂಡು ಹಿಮದ ಮೇಲೆ ಜಾರುವ ಉದ್ದನೆಯ ಪಟ್ಟಿ. ಕ್ರಾಸ್ ಕಂಟ್ರಿ ಅಂದರೆ ಗುಡ್ಡದ ಮೇಲಿಂದ ಸರ್ರನೆ ಜಾರುವ ಆಟವಲ್ಲ. ಏರು, ಇಳಿಜಾರು, ಬಯಲು ಎಲ್ಲವನ್ನೂ ನಮ್ಮದೇ ಕೈಕಾಲಿನ ಬಲದಿಂದ ದಾಟಬೇಕು. ಶೈಲಿ ಎರಡು. ಕ್ಲಾಸಿಕ್‌ನಲ್ಲಿ ಹಿಮದಲ್ಲಿ ಕೊರೆದ ಎರಡು ಗೆರೆಗಳ ಒಳಗೆ ಕಾಲು ಹಿಂದೆ ಮುಂದೆ ಹೋಗುತ್ತದೆ. ಸ್ಕೇಟ್‌ನಲ್ಲಿ ಕಾಲನ್ನು ಪಕ್ಕಕ್ಕೆ ತಳ್ಳಿ ಸಾಗಬೇಕು. ಕೈ, ಕಾಲು, ಸೊಂಟ, ಬೆನ್ನು ಎಲ್ಲ ಒಟ್ಟಿಗೆ ದುಡಿಯುವುದರಿಂದ ಹೃದಯಕ್ಕೂ ಶ್ವಾಸಕ್ಕೂ ಇದರಷ್ಟು ಕೆಲಸ ಕೊಡುವ ಆಟ ಕಡಿಮೆ.

ನಮ್ಮ ವರ್ಷ ಶುರುವಾಗುವುದು ಮೇ ತಿಂಗಳಲ್ಲಿ. ಶಾಲೆಯ ಸೀಸನ್ ನವೆಂಬರ್ ಮಧ್ಯದಿಂದ ಫೆಬ್ರುವರಿ ಮಧ್ಯದವರೆಗೆ, ಮೂರೇ ತಿಂಗಳು. ಉಳಿದ ಒಂಬತ್ತು ತಿಂಗಳಲ್ಲಿ ಏನು ಮಾಡಿದೆವು ಅನ್ನುವುದೇ ಆ ಮೂರು ತಿಂಗಳಲ್ಲಿ ಕಾಣುತ್ತದೆ. ಬೇಸಿಗೆಯಲ್ಲಿ ಓಟ, ಸೈಕಲ್, ಪುಲ್ ಅಪ್, ಪೋಲ್ ಹಿಡಿದು ಏರು ಹತ್ತುವುದು, ಮತ್ತೆ ರೋಲರ್ ಸ್ಕೀ.

ರೋಲರ್ ಸ್ಕೀ ಅಂದರೆ ಉದ್ದನೆಯ ಪಟ್ಟಿಯ ಎರಡು ತುದಿಗೆ ಚಕ್ರ. ಕ್ಲಾಸಿಕ್‌ನದ್ದಾದರೆ ಚಕ್ರ ಮುಂದಕ್ಕೆ ಮಾತ್ರ ತಿರುಗುತ್ತದೆ, ಹಿಂದಕ್ಕೆ ಲಾಕ್ ಆಗುತ್ತದೆ. ಹಾಗಾಗಿಯೇ ಕಾಲು ಊರಿ ಒದೆಯೋಕೆ ಆಗುವುದು. ನಾವು ಬಳಸುವ ರೋಲರ್ ಸ್ಕೀಗಳಿಗೆ ಬ್ರೇಕ್ ಇಲ್ಲ. ಇದನ್ನು ಹೊಸ ಅಪ್ಪ ಅಮ್ಮಂದಿರಿಗೆ ಹೇಳಿದಾಗ ಅವರ ಮುಖ ಬಾಡುತ್ತದೆ, ಅದು ಸರಿ ಕೂಡ. ಮೊದಲ ದಿನ ನಾನು ಡಾಂಬರಿಗೆ ಇಳಿಸುವುದೇ ಇಲ್ಲ. ಹುಲ್ಲಿನ ಮೇಲೆ ನಿಲ್ಲಿಸಿ, ಪೋಲ್ ಕಿತ್ತುಕೊಂಡು, ಒಂದು ಕಾಲಿನ ಮೇಲೆ ಹತ್ತು ಎಣಿಸುವಷ್ಟು ಹೊತ್ತು ನಿಲ್ಲಿ ಅನ್ನುತ್ತೇನೆ. ಆಮೇಲೆ ಇನ್ನೊಂದು ಕಾಲು. ಅರ್ಧ ಗಂಟೆ ಇದೇ. ಒಂದೇ ಕಾಲಿನ ಮೇಲೆ ಪೂರ್ತಿ ಭಾರ ಹಾಕಿ ಹೆದರದೆ ನಿಲ್ಲುವುದು ಬಂದರೆ ಅರ್ಧ ಸ್ಕೀಯಿಂಗ್ ಬಂದ ಹಾಗೆ. ರಸ್ತೆಗೆ ಇಳಿದ ಮೇಲೂ ದೊಡ್ಡ ಇಳಿಜಾರು ಬಂದರೆ ಸ್ಕೀ ಬಿಚ್ಚಿ ಕೈಯಲ್ಲಿ ಹಿಡಿದು ನಡೆಯಬೇಕು. ಹೆಲ್ಮೆಟ್, ಹೊಳೆಯುವ ವೆಸ್ಟ್ ಇಲ್ಲದವರು ಆ ದಿನ ಓಡಬೇಕು, ಅಷ್ಟೇ.

ಈಗ ಏರಿನ ವಿಷಯಕ್ಕೆ ಬರುತ್ತೇನೆ. ಇದೇ ನಾನು ಮುಖ್ಯವಾಗಿ ಹೇಳಬೇಕಾಗಿರುವುದು.

ಮಕ್ಕಳನ್ನು ಅವರ ಪಾಡಿಗೆ ಬಿಟ್ಟರೆ ಪ್ರತಿದಿನವೂ ಮಧ್ಯಮ ವೇಗದಲ್ಲಿ ಓಡುತ್ತಾರೆ. ನಿಧಾನ ಅನ್ನೋಕೆ ಜಾಸ್ತಿ, ಜೋರು ಅನ್ನೋಕೆ ಕಡಿಮೆ. ದಮ್ಮು ಕಟ್ಟುತ್ತದೆ, ಬೆವರು ಬರುತ್ತದೆ, ಚೆನ್ನಾಗಿ ಮಾಡಿದೆ ಅನ್ನಿಸುತ್ತದೆ. ಆದರೆ ನಾಳೆ ನಿಜವಾಗಿ ಜೋರಾಗಿ ಹೋಗಬೇಕಾದಾಗ ಕಾಲಿನಲ್ಲಿ ಶಕ್ತಿ ಇರುವುದಿಲ್ಲ. ನಾರ್ವೆಯ ಸ್ಕೀಯರುಗಳು ತಮ್ಮ ಹೆಚ್ಚಿನ ಗಂಟೆಗಳನ್ನು ಹಗುರವಾಗಿಯೇ ಕಳೆಯುತ್ತಾರೆ, ಜೋರಾದ ದಿನಗಳನ್ನು ಎಣಿಸಿ ಇಟ್ಟುಕೊಳ್ಳುತ್ತಾರೆ. ನಾವೂ ವಾರಕ್ಕೆ ಎರಡೇ ಜೋರಿನ ದಿನ ಇಟ್ಟೆವು. ಉದಾಹರಣೆಗೆ ನಾಲ್ಕು ನಿಮಿಷದ ಏರು ಐದು ಸಲ, ನಡುವೆ ಮೂರು ನಿಮಿಷ ಬಿಡುವು. ಐದನೇ ಸಲವೂ ಮೊದಲನೇ ಸಲ ಮುಟ್ಟಿದ ಮರದ ತನಕ ಹೋಗಬೇಕು. ಹೋಗಲಿಲ್ಲ ಅಂದರೆ ಮೊದಲನೆಯದರಲ್ಲಿ ಅತಿ ಜೋರಾಗಿ ಹೋದದ್ದು ತಪ್ಪು ಅಂತ ಲೆಕ್ಕ.

ಉಳಿದ ದಿನ ಹಗುರ. ಅದನ್ನು ಅಳೆಯೋಕೆ ನಾನು ವಾಚ್ ನೋಡುವುದಿಲ್ಲ. ಮಣಿಕಟ್ಟಿನ ವಾಚ್ ಹೃದಯಬಡಿತವನ್ನು ಎಷ್ಟೋ ಸಲ ತಪ್ಪು ತೋರಿಸುತ್ತದೆ. ಬದಲಿಗೆ ಮಾತಾಡಿಸುತ್ತೇನೆ. ಏರು ಹತ್ತುತ್ತಾ ಒಬ್ಬೊಬ್ಬರೂ ನಿನ್ನೆ ಏನಾಯಿತು ಅಂತ ಪಕ್ಕದವರಿಗೆ ಕಥೆ ಹೇಳಬೇಕು. ವಾಕ್ಯದ ನಡುವೆ ಉಸಿರಿಗೆ ನಿಂತರೆ ನಡಿಗೆಗೆ ಇಳಿಯಬೇಕು. ಒಂದು ತಿಂಗಳಾಗುವ ಹೊತ್ತಿಗೆ ಕಥೆಗಳು ಉದ್ದವಾಗುತ್ತವೆ. ಆಗ ನನಗೆ ಗೊತ್ತಾಗುತ್ತದೆ, ಒಳಗೆ ಎಂಜಿನ್ ಬೆಳೆಯುತ್ತಿದೆ ಅಂತ.

ಇದನ್ನು ನಾನು ಪುಸ್ತಕ ಓದಿ ನಂಬಲಿಲ್ಲ. ನನ್ನ ಮಗಳಿಗೆ ತೊಂದರೆ ಕೊಟ್ಟು ಕಲಿತೆ.

2021ರ ಶರತ್ಕಾಲ, ಅವಳಿಗೆ ಹದಿನೈದು. ಹಿಂದಿನ ವರ್ಷ ಚೆನ್ನಾಗಿ ಓಡುತ್ತಿದ್ದವಳು ನಿಧಾನವಾದಳು. ಅದೇ ಗುಡ್ಡ, ಅದೇ ದಾರಿ, ಅರ್ಧ ನಿಮಿಷ ಜಾಸ್ತಿ. ಅವಳಿಗೆ ಮನಸ್ಸಿಲ್ಲ ಅಂದುಕೊಂಡೆ. ಶನಿವಾರ ಬೆಳಿಗ್ಗೆ ಇನ್ನೊಂದು ಅಭ್ಯಾಸ ಸೇರಿಸಿದೆ. ಅವಳು ಏನೂ ಹೇಳಲಿಲ್ಲ, ಬಂದಳು. ಒಂದು ದಿನ ಮನೆಯ ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ಕೂತುಬಿಟ್ಟಳು. ಶೂ ಲೇಸ್ ಬಿಚ್ಚುತ್ತಾ, ನನ್ನ ಮುಖ ನೋಡದೆ ಹೇಳಿದಳು: "ಅಮ್ಮ, ನಾನು ಸೋಮಾರಿ ಅಲ್ಲ. ಕಾಲು ಬರ್ತಾ ಇಲ್ಲ." ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಇದೆ.

ಡಾಕ್ಟರ ಹತ್ತಿರ ಹೋದೆವು. ಹಿಮೋಗ್ಲೋಬಿನ್ ಸರಿಯಾಗಿಯೇ ಇತ್ತು. ಫೆರಿಟಿನ್, ಅಂದರೆ ದೇಹ ಕೂಡಿಟ್ಟುಕೊಂಡ ಕಬ್ಬಿಣದ ಲೆಕ್ಕ, ತಳ ಮುಟ್ಟಿತ್ತು. ನಾವು ಸಸ್ಯಾಹಾರಿಗಳು. ಅವಳು ಬೆಳೆಯುತ್ತಿದ್ದಳು, ಪ್ರತಿ ತಿಂಗಳು ಮುಟ್ಟಾಗುತ್ತಿದ್ದಳು, ವಾರಕ್ಕೆ ಎಂಟು ಗಂಟೆ ಅಭ್ಯಾಸ ಮಾಡುತ್ತಿದ್ದಳು. ಖರ್ಚು ಮೂರು ಕಡೆಯಿಂದ, ಜಮಾ ಮಾತ್ರ ಕಡಿಮೆ. ಡಾಕ್ಟರು ಬರೆದುಕೊಟ್ಟ ಕಬ್ಬಿಣದ ಮಾತ್ರೆ ಶುರುಮಾಡಿದೆವು. ಹಾಲು, ಕಾಫಿ, ಟೀ ಜೊತೆ ಕೊಡಬಾರದು, ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಕಿತ್ತಳೆ ರಸ, ನಿಂಬೆ ಪಾನಕದ ಜೊತೆ ಒಳ್ಳೆಯದು. ಜೋರಿನ ಅಭ್ಯಾಸ ಪೂರ್ತಿ ನಿಲ್ಲಿಸಿದೆವು. ಕಾಲಿಗೆ ಮತ್ತೆ ಶಕ್ತಿ ಬರೋಕೆ ಮೂರು ತಿಂಗಳು ಹಿಡಿಯಿತು. ಆ ಸೀಸನ್ ಬಹುಪಾಲು ಹೋಯಿತು. ಹೋಗಲಿ, ಮಗಳು ಸಿಕ್ಕಿದಳಲ್ಲ.

ಅವತ್ತಿನಿಂದ ಯಾವ ಮಗು ನಿಧಾನವಾದರೂ ನನ್ನ ಮೊದಲ ಪ್ರಶ್ನೆ "ಊಟ ಏನು ಮಾಡಿದೆ, ಎಷ್ಟು ಹೊತ್ತು ಮಲಗಿದೆ?" ಅನ್ನುವುದು. ಹುಡುಗಿಯರಿಗೆ ಒಂದು ಮಾತು ನೇರವಾಗಿ ಹೇಳುತ್ತೇನೆ: ಮುಟ್ಟು ನಿಂತರೆ ಅದು ಫಿಟ್‌ನೆಸ್‌ನ ಗುರುತಲ್ಲ, ದೇಹಕ್ಕೆ ಊಟ ಸಾಲುತ್ತಿಲ್ಲ ಅನ್ನುವ ಗುರುತು. ಎಲುಬು ಗಟ್ಟಿಯಾಗುವ ವಯಸ್ಸು ಇದೇ, ಈಗ ಕಳೆದುಕೊಂಡದ್ದು ಆಮೇಲೆ ಪೂರ್ತಿ ಸಿಗುವುದಿಲ್ಲ. ಇಲ್ಲಿಯವರೇ ಆದ ಜೆಸ್ಸಿ ಡಿಗ್ಗಿನ್ಸ್, 2018ರ ಪ್ಯೋಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಕಿಕ್ಕನ್ ರಾಂಡಾಲ್ ಜೊತೆ ಅಮೆರಿಕಕ್ಕೆ ಈ ಆಟದ ಮೊದಲ ಚಿನ್ನ ತಂದವರು, ಚಿಕ್ಕ ವಯಸ್ಸಿನಲ್ಲಿ ತಮಗಿದ್ದ ಈಟಿಂಗ್ ಡಿಸಾರ್ಡರ್, ಅಂದರೆ ಊಟಕ್ಕೆ ಸಂಬಂಧಿಸಿದ ಮಾನಸಿಕ ಕಾಯಿಲೆಯ ಬಗ್ಗೆ ಬಚ್ಚಿಡದೆ ಮಾತಾಡಿದ್ದಾರೆ. ನಾನು ನೂರು ಸಲ ಹೇಳುವುದಕ್ಕಿಂತ ಅವರು ಒಂದು ಸಲ ಹೇಳಿದ್ದು ನಮ್ಮ ಹುಡುಗಿಯರಿಗೆ ಜಾಸ್ತಿ ನಾಟಿದೆ. ಅಭ್ಯಾಸ ಮುಗಿದ ಅರ್ಧ ಗಂಟೆಯೊಳಗೆ ಏನಾದರೂ ತಿನ್ನಲೇಬೇಕು ಅನ್ನುವುದು ನಮ್ಮ ತಂಡದ ನಿಯಮ. ನನ್ನ ಕಾರಿನ ಡಿಕ್ಕಿಯಲ್ಲಿ ಬಾಳೆಹಣ್ಣು, ಕಡಲೆಬೀಜದ ಉಂಡೆ ಯಾವಾಗಲೂ ಇರುತ್ತದೆ. ರಾಗಿ ಹುರಿಹಿಟ್ಟಿನ ಉಂಡೆಗೂ ಈಗ ಗಿರಾಕಿಗಳಿದ್ದಾರೆ.

ಸಾಮಾನಿನ ಬಗ್ಗೆ ಸ್ವಲ್ಪ. ನಮ್ಮವರು ಯೂನಿಫಾರ್ಮನ್ನು ಒಂದು ಸೈಜ್ ದೊಡ್ಡದು ಹೊಲಿಸುವ ಹಾಗೆ, ಬೆಳೆಯುವ ಮಗು ಅಂತ ಉದ್ದನೆಯ, ಗಡುಸಾದ ಸ್ಕೀ ತೆಗೆದುಕೊಡುತ್ತಾರೆ. ದಯವಿಟ್ಟು ಬೇಡ. ಕ್ಲಾಸಿಕ್ ಸ್ಕೀ ನಡುವೆ ಬಿಲ್ಲಿನ ಹಾಗೆ ಮೇಲಕ್ಕೆ ಬಾಗಿರುತ್ತದೆ. ಆ ಬಾಗಿದ ಜಾಗದ ಅಡಿಯಲ್ಲೇ ಹಿಡಿತದ ಮೇಣ ಇರುವುದು. ಮಗು ಒಂದು ಕಾಲಿನ ಮೇಲೆ ಭಾರ ಹಾಕಿ ಒದ್ದಾಗ ಅದು ಹಿಮಕ್ಕೆ ಒತ್ತಿ ಹಿಡಿಯಬೇಕು. ಸ್ಕೀ ಗಡುಸಾದರೆ ಮೇಣ ಹಿಮವನ್ನು ಮುಟ್ಟುವುದೇ ಇಲ್ಲ, ಪ್ರತಿ ಹೆಜ್ಜೆಗೂ ಕಾಲು ಹಿಂದಕ್ಕೆ ಜಾರುತ್ತದೆ. ಮಗು ತನಗೇ ಬರುವುದಿಲ್ಲ ಅಂದುಕೊಳ್ಳುತ್ತದೆ. ಪರೀಕ್ಷೆ ಸುಲಭ. ಸಮನಾದ ನೆಲದ ಮೇಲೆ ಎರಡೂ ಸ್ಕೀ ಮೇಲೆ ನಿಂತಾಗ ಅಡಿಯಲ್ಲಿ ಕಾಗದದ ಚೂರು ಸರಾಗವಾಗಿ ಓಡಾಡಬೇಕು, ಒಂದೇ ಕಾಲಿನ ಮೇಲೆ ನಿಂತಾಗ ಸಿಕ್ಕಿಕೊಳ್ಳಬೇಕು. ಹಳೆಯ ಸ್ಕೀ ಕೊಳ್ಳಿ, ಪ್ರತಿ ವರ್ಷ ಬದಲಾಯಿಸಿ. ಸ್ಕೇಟ್ ಪೋಲ್ ಕ್ಲಾಸಿಕ್‌ಗಿಂತ ಉದ್ದ, ಸುಮಾರು ಗಲ್ಲದಿಂದ ತುಟಿಯ ಮಟ್ಟಕ್ಕೆ. ಕ್ಲಾಸಿಕ್ ಪೋಲ್ ಭುಜದ ಮಟ್ಟಕ್ಕೆ.

ಮೇಣ ಹಾಕುವುದನ್ನು ಮಕ್ಕಳೇ ಕಲಿಯಬೇಕು ಅನ್ನುವುದು ನನ್ನ ಹಟ. ನಮ್ಮ ಗ್ಯಾರೇಜಿನಲ್ಲಿ ಬೆಂಚು ಇದೆ. ಸ್ಕೀ ಜಾರೋಕೆ ಹಾಕುವ ಮೇಣವನ್ನು ಇಸ್ತ್ರಿಪೆಟ್ಟಿಗೆಗೆ ಒತ್ತಿ ತಳದ ಮೇಲೆ ಹನಿ ಹನಿಯಾಗಿ ಬೀಳಿಸಿ, ತುದಿಯಿಂದ ಬಾಲದವರೆಗೆ ನಿಲ್ಲಿಸದೆ ಎಳೆಯಬೇಕು. ಹೊಗೆ ಬಂದರೆ ಕಾವು ಜಾಸ್ತಿ, ತಳ ಸುಡುತ್ತದೆ. ಆರಿದ ಮೇಲೆ ಹೆರೆಯುವುದು, ಆಮೇಲೆ ಬ್ರಷ್. ಹೆರೆದಾಗ ತೆಂಗಿನ ತುರಿಯ ಹಾಗೆ ನೆಲದ ತುಂಬ ಬೀಳುತ್ತದೆ. ಮೊದಲು ಫ್ಲೋರಿನ್ ಇರುವ ದುಬಾರಿ ಮೇಣ ಬಂದು ದುಡ್ಡಿದ್ದವರಿಗೆ ಅನುಕೂಲವಾಗಿತ್ತು. 2023-24ರ ಸೀಸನ್‌ನಿಂದ ಅಂತರರಾಷ್ಟ್ರೀಯ ಸ್ಕೀ ಸಂಸ್ಥೆಯೇ ಅದನ್ನು ಪೂರ್ತಿ ನಿಷೇಧಿಸಿತು. ಆರೋಗ್ಯಕ್ಕೂ ನೀರಿಗೂ ಕೆಟ್ಟದ್ದು, ಹೋಗಿದ್ದು ಒಳ್ಳೆಯದಾಯಿತು.

ಹಿಡಿತದ ಮೇಣದಲ್ಲಿ ಒಂದು ಸಲ ದೊಡ್ಡ ತಪ್ಪು ಮಾಡಿದ್ದೇನೆ. ರೇಸಿನ ಬೆಳಿಗ್ಗೆ ಸೊನ್ನೆ ಡಿಗ್ರಿ, ಹೊಸ ಹಿಮ ಬೀಳುತ್ತಿತ್ತು. ಇದರಷ್ಟು ಕಷ್ಟದ ಹವಾ ಇಲ್ಲ. ನಾನು ಮೆತ್ತನೆಯ ಮೇಣ ಹಾಕಿದೆ. ಸ್ಟಾರ್ಟ್ ಆಗುವ ಹೊತ್ತಿಗೆ ಚಳಿ ಏರಿತು. ಹೊಸ ಹಿಮದ ಚೂಪು ಹರಳುಗಳು ಮೆತ್ತನೆಯ ಮೇಣಕ್ಕೆ ಚುಚ್ಚಿಕೊಂಡು ಗಡ್ಡೆ ಕಟ್ಟಿದವು. ನಮ್ಮ ಏಳು ಮಕ್ಕಳು ಜಾರುವ ಬದಲು ಹಿಮದ ಗಡ್ಡೆಯ ಮೇಲೆ ನಡೆಯುತ್ತಾ ಬಂದರು. ಒಬ್ಬ ಹುಡುಗ ಅಳುತ್ತಿದ್ದ. ಎಲ್ಲರನ್ನೂ ಕೂರಿಸಿ, ತಪ್ಪು ನನ್ನದು, ನಿಮ್ಮದಲ್ಲ ಅಂತ ಹೇಳಿದೆ. ಈಗ ಅಂಥ ದಿನ ಮೆತ್ತನೆಯದರ ಮೇಲೆ ತೆಳ್ಳಗೆ ಗಟ್ಟಿ ಮೇಣದ ಪದರ ಮುಚ್ಚುತ್ತೇನೆ, ಸ್ಟಾರ್ಟಿಗೆ ಇಪ್ಪತ್ತು ನಿಮಿಷ ಮೊದಲು ನಾನೇ ಒಂದು ಸುತ್ತು ಹೋಗಿ ಬರುತ್ತೇನೆ.

ಚಳಿಯ ಬಗ್ಗೆ ಊರಿನವರು ತುಂಬ ಕೇಳುತ್ತಾರೆ. ಮೈನಸ್ 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ರೇಸ್ ನಡೆಸುವುದಿಲ್ಲ. ಅಭ್ಯಾಸದಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಜೋಡಿ ಜೋಡಿಯಾಗಿ ಒಬ್ಬರ ಕೆನ್ನೆ, ಮೂಗು ಇನ್ನೊಬ್ಬರು ನೋಡಬೇಕು. ಬಿಳಿ ಚುಕ್ಕೆ ಅಂದರೆ ಚರ್ಮ ಹೆಪ್ಪುಗಟ್ಟುತ್ತಿರುವ ಗುರುತು, ಕಂಡರೆ ತಕ್ಷಣ ಒಳಗೆ.

ಹಿಮವೇ ಇಲ್ಲದ ಚಳಿಗಾಲವನ್ನೂ ಕಂಡೆವು. 2023-24ರಲ್ಲಿ ಮಿನ್ನೆಸೋಟದಲ್ಲಿ ನೆಲ ಕಂದು ಬಣ್ಣದಲ್ಲೇ ಉಳಿಯಿತು. ಯಂತ್ರದಿಂದ ಮಾಡಿದ ಹಿಮದ ಪುಟ್ಟ ಸುತ್ತಿನಲ್ಲಿ ನೂರಾರು ಮಕ್ಕಳು ಇರುವೆ ಸಾಲಿನ ಹಾಗೆ ಸುತ್ತುತ್ತಿದ್ದರು. ಅಂಥದರಲ್ಲೂ ಫೆಬ್ರುವರಿ 17 ಮತ್ತು 18ರಂದು ಮಿನಿಯಾಪೊಲಿಸ್‌ನ ಥಿಯೋಡರ್ ವಿರ್ತ್ ಪಾರ್ಕಿನಲ್ಲಿ ಈ ಆಟದ ವರ್ಲ್ಡ್ ಕಪ್ ರೇಸ್ ನಡೆಯಿತು. ನಮ್ಮ ತಂಡವೆಲ್ಲ ಬೇಲಿಗೆ ಅಂಟಿಕೊಂಡು ನಿಂತಿತ್ತು. 10 ಕಿಲೋಮೀಟರ್ ಸ್ಕೇಟ್‌ನಲ್ಲಿ ಡಿಗ್ಗಿನ್ಸ್ ಮೂರನೆಯವರಾದರು, ಗಂಡಸರಲ್ಲಿ ಅಲಾಸ್ಕಾದ ಗಸ್ ಶೂಮಾಕರ್ ಗೆದ್ದುಬಿಟ್ಟರು. ನನ್ನ ಮಗಳ ಕೊನೆಯ ಸೀಸನ್ ಅದು. ಅವಳು ನೋಡುತ್ತಿದ್ದದ್ದು ಮಾತ್ರ ಬೇರೆ. "ಅಮ್ಮ, ವಾರ್ಮಪ್‌ನಲ್ಲಿ ಅವರು ಎಷ್ಟು ನಿಧಾನ ಹೋಗ್ತಾರೆ ನೋಡು" ಅಂದಳು.

ಹಿಮ ಬೀಳದ ನಾಡಿನಿಂದ ಬಂದವರಿಗೆ ಇದೆಲ್ಲ ಯಾಕೆ ಅಂತ ಕೆಲವರು ಕೇಳಿದ್ದಾರೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಗುಲ್ಮಾರ್ಗ್‌ನಲ್ಲಿ ಇದೇ ಆಟದಲ್ಲಿ ಕರ್ನಾಟಕಕ್ಕೆ ಚಿನ್ನ ಗೆದ್ದಿದ್ದಾರೆ. ನಮ್ಮ ಪಕ್ಕದ ಜಿಲ್ಲೆಯವರು ಅಂತ ತಂಡದ ಮಕ್ಕಳಿಗೆಲ್ಲ ಹೇಳಿಕೊಂಡು ಬಂದಿದ್ದೇನೆ.

ಮಗಳು ಈಗ ಕಾಲೇಜಿನಲ್ಲಿದ್ದಾಳೆ. ರಜೆಗೆ ಬಂದಾಗ ಬೇಸಿಗೆಯ ಅಭ್ಯಾಸಕ್ಕೆ ನನ್ನ ಜೊತೆ ಬರುತ್ತಾಳೆ. ಮೊನ್ನೆ ಹನ್ನೆರಡು ವರ್ಷದ ಹೊಸ ಹುಡುಗಿಯೊಬ್ಬಳು ದೊಡ್ಡವರ ಹಿಂದೆ ಏದುಸಿರು ಬಿಡುತ್ತಾ ಏರು ಓಡುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಮಗಳು ಅವಳ ಪಕ್ಕಕ್ಕೆ ಹೋಗಿ ಓಟ ನಿಲ್ಲಿಸಿ ನಡೆಯತೊಡಗಿದಳು. "ನಿನ್ನ ನಾಯಿಯ ಹೆಸರೇನು?" ಅಂತ ಕೇಳಿದಳು. ಇಬ್ಬರೂ ಪೋಲ್ ಊರುತ್ತಾ, ನಾಯಿಯ ಕಥೆ ಹೇಳುತ್ತಾ ಮೇಲಿನ ತಿರುವಿನವರೆಗೆ ನಡೆದರು.