ಮುಂಗಾರು ಪೂರ್ವದ ಸಿಡಿಲಿನ ಬಗ್ಗೆ ಎಚ್ಚರಿಕೆ

ರೈತ ಬಂಧುಗಳಲ್ಲಿ ಒಂದು ವಿನಂತಿ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಮಧ್ಯಾಹ್ನದವರೆಗೆ ಸುಡುವ ಬಿಸಿಲಿದ್ದು, ಸಂಜೆಯ ಹೊತ್ತಿಗೆ ಮೋಡ ಕವಿದು ಗುಡುಗು ಆರಂಭವಾದಾಗ, ಹೊಲದಲ್ಲಿರುವವರು ಸಹಜವಾಗಿಯೇ ಹತ್ತಿರದ ಮರದ ಕೆಳಗೆ ಓಡುತ್ತಾರೆ. ಇದೇ ಅತ್ಯಂತ ಅಪಾಯಕಾರಿ. ನಮ್ಮ ಬದುವಿನ ಬೇವಿನ ಮರಕ್ಕೆ ಸಿಡಿಲು ಬಡಿದಾಗ ತುದಿಯಿಂದ ಬುಡದವರೆಗೆ ಅಂಗೈ ಅಗಲದ ತೊಗಟೆ ಸೀಳಿಹೋಗಿತ್ತು. ಬುಡದಲ್ಲಿ ಕಟ್ಟಿದ್ದ ಎತ್ತು ಎದ್ದೇಳಲಿಲ್ಲ. ಸಿಡಿಲಿನ ವಿದ್ಯುತ್ತು ಬೇರಿನ ಸುತ್ತಲಿನ ನೆಲದಲ್ಲೂ ಹರಡುವುದರಿಂದ, ಮರವನ್ನು ಮುಟ್ಟದೆ ನಿಂತವರಿಗೂ ಅಪಾಯ ತಪ್ಪಿದ್ದಲ್ಲ.

ಮಿಂಚು ಕಂಡ ಕೂಡಲೇ ಎಣಿಸಲು ಆರಂಭಿಸಿ. ಶಬ್ದವು ಒಂದು ಕಿಲೋಮೀಟರ್ ದಾಟಲು ಸುಮಾರು 3 ಸೆಕೆಂಡ್ ತೆಗೆದುಕೊಳ್ಳುವುದರಿಂದ, 30 ಎಣಿಸುವುದರೊಳಗೆ ಗುಡುಗು ಕೇಳಿಸಿದರೆ ಸಿಡಿಲು 10 ಕಿಲೋಮೀಟರ್ ಒಳಗೇ ಇದೆ ಎಂದರ್ಥ. ಆಗ ಕೆಲಸ ಬಿಟ್ಟು ಪಕ್ಕಾ ಮನೆಯೊಳಗೆ ಅಥವಾ ಗಾಜು ಏರಿಸಿದ ಕಾರಿನೊಳಗೆ ಸೇರಿಕೊಳ್ಳಿ; ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಬರಬೇಡಿ. ತೆರೆದ ಟ್ರ್ಯಾಕ್ಟರ್, ತಗಡಿನ ಶೆಡ್ ಸುರಕ್ಷಿತವಲ್ಲ. ಪಂಪ್‌ಸೆಟ್ ಸ್ಟಾರ್ಟರ್ ಮುಟ್ಟಬೇಡಿ. ಪುಣೆಯ ಹವಾಮಾನ ಸಂಸ್ಥೆ ರೂಪಿಸಿರುವ ‘ದಾಮಿನಿ’ ಆ್ಯಪ್ ಸುತ್ತಮುತ್ತಲಿನ ಸಿಡಿಲಿನ ಮುನ್ಸೂಚನೆ ನೀಡುತ್ತದೆ. ಮನೆಯ ಒಬ್ಬರಾದರೂ ಅದನ್ನು ಹಾಕಿಕೊಂಡಿರಲಿ.

ಸಿಡಿಲು ಬಡಿದವರನ್ನು ಮುಟ್ಟಲು ದಯವಿಟ್ಟು ಹೆದರಬೇಡಿ, ಅವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತಿರಿ, ಜೊತೆಯಲ್ಲಿರುವವರು 108ಕ್ಕೆ ಕರೆ ಮಾಡಲಿ.